ಓದದೆ ಒತ್ತಿದ ಓಕೆ

ಕಂಪ್ಯೂಟರು ನಿಮ್ಮನ್ನು ಏನೋ ಕೇಳುತ್ತದೆ. ಕೆಳಗೆ ಓಕೆ, ಕ್ಯಾನ್ಸಲ್ ಎಂದು ಎರಡು ಗುಂಡಿ. ಒತ್ತುವ ಮೊದಲು ಪ್ರಶ್ನೆ ಓದುತ್ತೀರಾ?

ನಾನಂತೂ ಓದುತ್ತಿರಲಿಲ್ಲ. ‘ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಉತ್ತರ ಬರೆಯಿರಿ’ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಂಡು ಬಂದ ಮಾಸ್ತರ ನಾನು. ಏಪ್ರಿಲ್‌ನ ಒಂದು ಮಧ್ಯಾಹ್ನ ಹಾಗೆ ಓದದೆ ಒತ್ತಿದ ಒಂದು ಓಕೆ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ಹೇಳದೆ ಈ ವಾರ ಬೇರೇನನ್ನೂ ಬರೆಯಲು ಮನಸ್ಸು ಒಪ್ಪಲಿಲ್ಲ.

ಮೊದಲು ಸ್ವಲ್ಪ ಕಂಪ್ಯೂಟರ್ ಪುರಾಣ. (ಸಹಿಸಿಕೊಳ್ಳಿ, ಬೇಗ ಮುಗಿಸುತ್ತೇನೆ.) ನಮ್ಮ ಶಾಲೆಯ ಅಂಕಪಟ್ಟಿಯ ಪ್ರೋಗ್ರಾಂ ತೀರಾ ಹಳೆಯದು. ಹೊಸ ವಿಂಡೋಸ್‌ನಲ್ಲಿ ಅದು ಕಣ್ಣೇ ಬಿಡುವುದಿಲ್ಲ. ಕಾರವಾರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದಕ್ಕೊಂದು ಉಪಾಯ ಮಾಡಿಕೊಟ್ಟಳು. ನನ್ನ ಲ್ಯಾಪ್‌ಟಾಪಿನ ಒಳಗೇ ಇನ್ನೊಂದು ಕಂಪ್ಯೂಟರು. ವರ್ಚುವಲ್ ಮಷಿನ್ ಅನ್ನುತ್ತಾರೆ. ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಳ್ಳುತ್ತದೆ, ಅದರೊಳಗೆ ಹಳೆಯ ವಿಂಡೋಸ್, ಹಳೆಯ ಪ್ರೋಗ್ರಾಂ, ಎಲ್ಲ ಮೊದಲಿನಂತೆ.

ಇನ್ನು ನೆಟ್ಟು. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚುವ ಜಾಗ ಹೋದ ವರ್ಷದ ಸಿಡಿಲಿಗೆ ಸುಟ್ಟುಹೋಗಿತ್ತು. ಬದಲಿಗೆ ಯುಎಸ್‌ಬಿಗೆ ಚುಚ್ಚುವ ಬೆರಳುದ್ದದ ನೆಟ್‌ವರ್ಕ್ ಅಡಾಪ್ಟರ್ ಒಂದನ್ನು ತಂದಿಟ್ಟುಕೊಂಡಿದ್ದೆ. ತೊಡಕು ಇರುವುದು ಇಲ್ಲಿ. ಆ ಅಡಾಪ್ಟರ್ ಒಂದು ಸಲಕ್ಕೆ ಒಬ್ಬರದು. ಒಳಗಿನ ಕಂಪ್ಯೂಟರಿಗೆ ಕೊಟ್ಟಿರೋ, ಹೊರಗಿನದರ ನೆಟ್ಟು ಆ ಕ್ಷಣಕ್ಕೆ ಬಂದ್. (ಇಬ್ಬರಿಗೂ ಹಂಚುವ ದಾರಿ ಇದೆಯಂತೆ. ನನಗದು ತಿಳಿದದ್ದು ಎಲ್ಲ ಮುಗಿದ ಮೇಲೆ.) ಕೊಡುವ ಮುನ್ನ ಕಂಪ್ಯೂಟರು ಮರ್ಯಾದೆಯಿಂದ ಕೇಳುತ್ತದೆ: ಇದನ್ನು ಇಲ್ಲಿಂದ ಬಿಡಿಸಿ ಅಲ್ಲಿಗೆ ಜೋಡಿಸುತ್ತಿದ್ದೇನೆ, ಓಕೆನಾ?

ಪುರಾಣ ಮುಗಿಯಿತು.

ಬೆಳಂಬಾರದಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಗೆ ಹೊನ್ನಪ್ಪಣ್ಣನ ಮನೆ. (ಹೆಸರು ಬದಲಿಸಿದ್ದೇನೆ. ಊರವರಿಗೆ ಅದು ಸಾಲದು, ಗೊತ್ತು.) ಹೊನ್ನಪ್ಪಣ್ಣ ರಂಪಣಿಯ ತಾಂಡೇಲ, ಅಂದರೆ ದಡದಿಂದ ಎಳೆಯುವ ಆ ದೊಡ್ಡ ಬಲೆಯ ಯಜಮಾನ. ಮೂರು ವರ್ಷದ ಹಿಂದೆ ಮಗ ಸುಧಾಕರ ಬಲೆ ಇನ್ನೂ ನೀರಿನಲ್ಲಿರುವಾಗಲೇ ದೋಣಿಯ ಹುಟ್ಟನ್ನು ಮರಳಿನ ಮೇಲೆ ಬಿಟ್ಟು, ‘ಇದರಲ್ಲಿ ಇನ್ನೆಂತ ಉಳದದೆ’ ಎಂದು ಹತ್ತು ಜನರೆದುರು ಹೇಳಿ, ಮುಂಬಯಿಗೆ ಹೋಗಿ ಸರಕಿನ ಹಡಗು ಹತ್ತಿದ. ಹುಟ್ಟು ಬಿಟ್ಟವ ಈ ದಡಕ್ಕೆ ಬರುವುದು ಬೇಡ ಎಂದು ಅಪ್ಪನೂ ಅದೇ ಹತ್ತು ಜನರೆದುರು ಹೇಳಿದರು. ಅಲ್ಲಿಗೆ ಮಾತು ನಿಂತಿತು.

ಆದರೆ ತಾಯಿ ನಾಗಮ್ಮನ ಮಾತು ನಿಲ್ಲಲಿಲ್ಲ. ಹಡಗು ಬಂದರಿಗೆ ಬಂದಾಗ ಸುಧಾಕರ ಯಾವುದೋ ಸೈಬರ್ ಕೆಫೆಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿಗೆ ಕರೆ ಮಾಡುತ್ತಿದ್ದ. ನಾಗಮ್ಮ ಬಂದು, ಸ್ಪೀಕರಿಗೆ ಬಾಯಿ ಹಚ್ಚಿ ಮಾತಾಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಅವಳು ಬರುವುದು ಹೊನ್ನಪ್ಪಣ್ಣನಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇರುತ್ತಿದ್ದರು.

ಏಪ್ರಿಲ್‌ನ ಆ ದಿನ ಕರೆ ಬಂದಾಗ ನಾಗಮ್ಮನಿಗೆ ಜ್ವರ. ಅದನ್ನು ಹೇಳಿ ಹೋಗಲು ಬಂದವರು ಹೊನ್ನಪ್ಪಣ್ಣ. ಬಾಗಿಲಲ್ಲಿ ಕಾಲಿಟ್ಟಾಗ ಸ್ಪೀಕರಿನಲ್ಲಿ ಮಗನ ಧ್ವನಿ. ಆಯೀ, ಆಯೀ ಎಂದು ತಾಯಿಯನ್ನು ಕರೆಯುತ್ತಿದ್ದ. ಅವರು ಅಲ್ಲೇ ನಿಂತರು. ಆಮೇಲೆ ನಿಧಾನಕ್ಕೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಒಮ್ಮೆ ಕೆಮ್ಮಿದರು. ಅತ್ತಲಿನ ಧ್ವನಿ ತಟ್ಟನೆ ನಿಂತಿತು. ಆ ಕೆಮ್ಮು ಯಾರದೆಂದು ಮಗನಿಗೆ ತಿಳಿಯದಿರುತ್ತದೆಯೇ?

ಮೂರು ವರ್ಷದ ಮೌನ ಒಡೆಯುವಾಗ ಪಕ್ಕದಲ್ಲಿದ್ದವನು ಏನು ಮಾಡಬೇಕು? ಎದ್ದು ಹೊರಗೆ ಹೋಗಬೇಕು. ನಾನು ಹೋಗಲಿಲ್ಲ. ಅಂಕಪಟ್ಟಿಯನ್ನು ಸಂಜೆಯೊಳಗೆ ಕಾರವಾರಕ್ಕೆ ಕಳಿಸಬೇಕಿತ್ತು. ಅವರ ಮುಖ ನೋಡುವುದು ಸರಿಯಲ್ಲ ಎಂದು ಕಣ್ಣನ್ನು ಪರದೆಗೆ ನೆಟ್ಟು, ಮೌಸ್ ಹಿಡಿದು, ಒಳಗಿನ ಕಂಪ್ಯೂಟರಿಗೆ ಅಡಾಪ್ಟರ್ ಜೋಡಿಸಹೊರಟೆ. ಪ್ರಶ್ನೆ ಬಂತು. ಓಕೆ ಒತ್ತಿದೆ.

ಕರೆ ಕಡಿಯಿತು. ಸದ್ದೇನೂ ಆಗಲಿಲ್ಲ.

ಹೊನ್ನಪ್ಪಣ್ಣ ಮಾತಾಡತೊಡಗಿದ್ದು ಆಗ.

“ನಿನ್ನ ಹುಟ್ಟು ಮನೆ ಮಾಡಿನಲ್ಲಿ ಹಾಗೇ ಅದೆ. ಯಾರಿಗೂ ಕೊಡಲಿಲ್ಲ. ಬಾ.”

ಅಷ್ಟೇ. ಸ್ವಲ್ಪ ಹೊತ್ತು ಕೂತರು. ತಲೆಯಾಡಿಸಿದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ನಾನು ಬಾಯಿ ತೆರೆಯುವ ಮೊದಲೇ, ಅಂವನಿಗೆ ಕೇಳ್ತು ಎಂದು ಹೇಳಿ ಮೆಟ್ಟಿಲಿಳಿದರು.

ಉತ್ತರವೇ ಬರದಿದ್ದಾಗ ಕೇಳಿತೆಂದು ಹೇಗೆ ತಿಳಿದರು? ರಂಪಣಿ ನೋಡಿದ್ದರೆ ನಿಮಗೆ ಅರ್ಥವಾಗುತ್ತದೆ. ತಾಂಡೇಲ ದಡದಲ್ಲಿ ನಿಂತು ತಲೆಯ ವಸ್ತ್ರ ಬಿಚ್ಚಿ ಬೀಸುತ್ತಾನೆ. ನೀರಿನಲ್ಲಿರುವ ದೋಣಿ ಅತ್ತ ತಿರುಗುತ್ತದೆ. ಆಯ್ತು ಎಂದು ಅಲ್ಲಿಂದ ಯಾರೂ ಕೂಗುವುದಿಲ್ಲ, ಕೂಗಿದರೂ ಆ ಗಾಳಿಗೆ ಕೇಳುವುದಿಲ್ಲ. ಹೊನ್ನಪ್ಪಣ್ಣನ ಇಡೀ ಆಯುಷ್ಯ ಹಾಗೆ ಹೋಗಿದೆ. ಅವರು ಒಂದು ಸಲ ಹೇಳುತ್ತಾರೆ. ಎದುರು ಮಾತು ಬರಲಿಲ್ಲ ಅಂದರೆ ಒಪ್ಪಿದ ಹಾಗೆ.

ಅಡಾಪ್ಟರ್ ಮರಳಿ ಹೊರಗಿನದಕ್ಕೆ ಜೋಡಿಸಿ ನೋಡಿದೆ. ಸುಧಾಕರ ಹೋಗಿಯಾಗಿತ್ತು.

ಓಡಿಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ಹೊರಗೆ ಬಂದು ನೋಡಿದೆ. ಹೊನ್ನಪ್ಪಣ್ಣ ಬೇಲಿಯ ಹತ್ತಿರ ನಿಂತು ಯಾರೊಂದಿಗೋ ನಗುತ್ತಿದ್ದರು. ನನಗೆ ಧೈರ್ಯ ಸಾಲಲಿಲ್ಲ. ಬದಲಿಗೆ ಒಳಗೆ ಬಂದು, ಅವರಂದ ಮಾತುಗಳನ್ನು ಇದ್ದ ಹಾಗೇ ಟೈಪ್ ಮಾಡಿ ಸುಧಾಕರನಿಗೆ ಮೇಲ್ ಕಳಿಸಿದೆ. ಲೈನು ಹೇಗೆ ಕಡಿಯಿತು ಎಂಬುದನ್ನು ಬರೆಯಲಿಲ್ಲ. ಅಂಕಪಟ್ಟಿಯನ್ನೂ ಹೊತ್ತಿಗೆ ಸರಿಯಾಗಿ ಕಳಿಸಿದೆ. ನಾಚಿಕೆಯಾಗುತ್ತದೆ.

ಮನೆಯಲ್ಲಿ ನಾವು ಹೂಂ ಅನ್ನುವುದೂ ಹೀಗೆಯೇ ಅಲ್ಲವೇ? ಹೆಂಡತಿ ಏನೋ ಹೇಳುತ್ತಿರುತ್ತಾಳೆ, ಪೇಪರಿನಿಂದ ಕಣ್ಣೆತ್ತದೆ ಹೂಂ. ಮಗಳು ಏನೋ ಕೇಳುತ್ತಾಳೆ, ಹೂಂ. ಎಲ್ಲ ಓದದೆ ಒತ್ತಿದ ಓಕೆಗಳು. ಯಾವ ಹೂಂನಿಂದ ಯಾರ ಮಾತು ಕಡಿಯಿತು ಎಂದು ನಾವೆಂದಾದರೂ ತಿರುಗಿ ನೋಡಿದ್ದೇವೆಯೇ?

ಹೊನ್ನಪ್ಪಣ್ಣ ಮರುದಿನವೇ ಮಾಡಿನ ಹೆಂಚಿನಡಿಯಿಂದ ಮಗನ ಹುಟ್ಟು ಇಳಿಸಿ ಎಣ್ಣೆ ಹಚ್ಚಿದರು. ಹಡಗಿನ ಕಾಂಟ್ರಾಕ್ಟ್ ಮುಗಿಯುವುದು ಯಾವಾಗ ಎಂದು ನಾಗಮ್ಮನನ್ನು ಕೇಳಿದರಂತೆ. ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಮಳೆ ಕಡಿಮೆಯಾಗಿ ಬಲೆ ಮತ್ತೆ ನೀರಿಗಿಳಿಯುತ್ತದೆ ಎಂದು ಲೆಕ್ಕ ಹಾಕಿದರಂತೆ. ನಾಗಮ್ಮ ಇದನ್ನೆಲ್ಲ ಹೇಳುವಾಗ ನಾನು ನೆಲ ನೋಡುತ್ತಿದ್ದೆ.

ಆಮೇಲೆ ಸುಧಾಕರನ ಕರೆ ಬರಲೇ ಇಲ್ಲ. ಕಳೆದ ವಾರ ಅವನ ಉತ್ತರ ಬಂತು.

“ಮಾಸ್ತರ್ರೆ, ಅಪ್ಪ ಬಂದು ಕೂತದ್ದು ಗೊತ್ತಾಯ್ತು. ಕೆಮ್ಮಿದ್ದು ಕೇಳ್ತು. ಆಮೇಲೆ ಕಟ್ ಆಯ್ತು. ನನ್ನ ಧ್ವನಿ ಕೇಳಿ ಅಪ್ಪನೇ ಬಂದ್ ಮಾಡಿದ್ರು ಅಂತ ತಿಳ್ಕೊಂಡೆ. ನೀವು ಬರ್ದದ್ದು ಓದ್ದೆ. ನಿಮ್ಮ ಮನಸ್ಸು ದೊಡ್ಡದು. ಆದ್ರೆ ಅದು ಅಪ್ಪನ ಮಾತಲ್ಲ, ನಿಮ್ಮದು. ಅವರ ಬಾಯಿಂದ ಕೇಳದೆ ನಾ ಹ್ಯಾಂಗೆ ಬರ್ಲಿ? ಇನ್ನೊಂದು ವರ್ಷಕ್ಕೆ ಸೈನ್ ಮಾಡ್ತೇನೆ.”

ಮುಂದಿನ ಬಂದರಿನಲ್ಲಿ, ಈ ತಿಂಗಳ ಕೊನೆಗೆ, ಸೈನ್ ಮಾಡುತ್ತಾನಂತೆ.

ಮೂರು ಸಲ ಓದಿದೆ. ನಾನೊತ್ತಿದ ಓಕೆ ಅಲ್ಲಿ ಅಪ್ಪನ ತಿರಸ್ಕಾರವಾಗಿ ತಲುಪಿತ್ತು. ಅಪ್ಪ ನಿಜವಾಗಿ ಹೇಳಿದ ಮಾತು ನನ್ನ ದೊಡ್ಡ ಮನಸ್ಸಾಗಿಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಹೊನ್ನಪ್ಪಣ್ಣನನ್ನು ನಾನೇ ಮನೆಗೆ ಕರೆದೆ. ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಎಲ್ಲ ಹೇಳಿದೆ. ಅಡಾಪ್ಟರನ್ನು ಕೈಗೆ ಕೊಟ್ಟು ತೋರಿಸಿದೆ. ಮಗನ ಪತ್ರವನ್ನು ಓದಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಆ ಬೆರಳುದ್ದದ ವಸ್ತುವನ್ನು ತಿರುಗಿಸಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಮಳೆ ಜೋರಾಗಿ ಹೊಡೆಯುತ್ತಿತ್ತು. 

“ಇನ್ನೊಂದ್ಸಲ ಅಂವ ಲೈನಿಗೆ ಬಂದಾಗ ನನ್ನ ಕರೀರಿ,” ಅಂದರು ಕೊನೆಗೆ. “ಹೇಳ್ತೇನೆ. ನೀವು ಮಾತ್ರ ಎಂತದನ್ನೂ ಮುಟ್ಬೇಡಿ.”

ಜೀವಮಾನದಲ್ಲಿ ಒಂದು ಮಾತನ್ನು ಎರಡು ಸಲ ಹೇಳದ ಮನುಷ್ಯ. ಆಗಲಿ ಎಂದೆ. 

ಕೊಡೆ ಬಿಚ್ಚಿ ಅಂಗಳಕ್ಕಿಳಿದವರು ಅಲ್ಲೇ ನಿಂತು ತಿರುಗಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ ಕೇಳಿದರು:

“ಹಾಗಾರೆ ಅವತ್ತು ನಾ ಯಾರ ಹತ್ರ ಹೇಳ್ದೆ, ಮಾಸ್ತರ್ರೆ?”