ಕಸ್ತೂರಿಬಾಯಿ ತೆರೆಯುವ ಕಿಟಕಿಗಳು

ಬೆಳಗಿನ ಆರೂವರೆ. ಕಲಬುರಗಿಯ ಹೊರವಲಯದ ಹೊಸ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಚಿಲಕ ಸರಿದ ಸದ್ದು. ಕಿಟಕಿಯಿಂದ ಮೊದಲು ಪೊರಕೆ ಹೊರಬರುತ್ತದೆ, ಹಿಂದೆಯೇ ಕಸ್ತೂರಿಬಾಯಿಯ ನಗುಮುಖ. "ಮ್ಯಾಲ ಬರ್ರಿ! ಲಿಫ್ಟ್ ಇನ್ನಾ ಎದ್ದಿಲ್ಲ, ನಡಕೋತ ಬರ್ರಿ!" ನಾನು ಏದುಸಿರು ಬಿಡುತ್ತ ಹತ್ತುವಷ್ಟರಲ್ಲಿ ಅವರು ಪಕ್ಕದ ಮನೆಯನ್ನೂ ಮುಗಿಸಿದ್ದಾರೆ.

ಐವತ್ತೆರಡರ ಕಸ್ತೂರಿಬಾಯಿ ಇಲ್ಲಿ ಮಾರಾಟವಾಗದ ಮನೆಗಳನ್ನು ನೋಡಿಕೊಳ್ಳುತ್ತಾರೆ. ಸೊಂಟದಲ್ಲಿ ಕೀಲಿ ಗೊಂಚಲು. ನಲವತ್ತು ಮನೆಗಳಲ್ಲಿ ಈಗ ಹನ್ನೊಂದು ಖಾಲಿ. ಮನೆಗೆ ಐದರಂತೆ ಐವತ್ತೈದು ಕಿಟಕಿ. ಬೆಳಿಗ್ಗೆ ತೆಗೆಯಬೇಕು, ಸಂಜೆ ಹಾಕಬೇಕು. "ಮಂದಿ ಇಲ್ದ ಮನಿ ಬಾಯಿ ಮುಚ್ಚಿಟ್ರ ಮುಗ್ಗಿದ ವಾಸನಿ ಹೊಡೀತದ್ರೀ" ಎನ್ನುತ್ತಾರೆ.

ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರು ಅವರು. ಗಂಡ ದತ್ತಪ್ಪ ಇದ್ದಾಗ ಇಬ್ಬರೂ ಕಲಬುರಗಿಯೆಲ್ಲ ಬಾಡಿಗೆ ಮನೆ ಹುಡುಕಿದ್ದರಂತೆ. ಎಲ್ಲರೂ ಹೆಸರು ಕೇಳಿದರು. ಹೆಸರು ಹೇಳಿದ ಕೂಡಲೇ ಮನೆ "ನಿನ್ನೆನೇ ಹೋಗ್ಯಾದ". ಹಾಗಾಗಿ ಇಂದಿಗೂ ತಮ್ಮೂರು ಕಮಲಾಪುರದಿಂದ ಮೊದಲ ಬಸ್ಸಿಗೇ ಬರುತ್ತಾರೆ. ಗಂಡ ತೀರಿದ ಮೇಲೆ ಈ ಪಗಾರದಿಂದಲೇ ಮನೆ ನಡೆಯುತ್ತಿದೆ.

ಎರಡು ವರ್ಷದ ಹಿಂದೆ ಆ ಪಗಾರಕ್ಕೇ ಕುತ್ತು ಬಂದಿತ್ತು. ಪಂಚಶೀಲಾ ಎಂಬ ನರ್ಸ್ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆಯೇ ಮನೆ ಕೊಳ್ಳಲು ಬಂದರು. ಬಿಲ್ಡರ್ ಆಫೀಸಿನ ನೀಲಕಂಠ ಹೆಸರು ಕೇಳಿದ, ತಂದೆಯ ಹೆಸರು ಕೇಳಿದ, ಊರಲ್ಲಿ ಯಾವ ಓಣಿ ಎಂದೂ ಕೇಳಿದ. ಜಾತಿ ಎಂಬ ಮಾತೆತ್ತದೆ ಜಾತಿ ಕೇಳುವ ಜಾಣತನ ನಮ್ಮಲ್ಲಿ ಬೇಕಾದಷ್ಟಿದೆ. "ಎಲ್ಲಾ ಬುಕ್ ಆಗ್ಯಾವ್ರೀ" ಎಂದ.

ಪಂಚಶೀಲಾ ಅಂಗಳಕ್ಕೆ ಬಂದು ತಲೆಯೆತ್ತಿದರೆ ಒಂದಾದ ಮೇಲೊಂದು ಕಿಟಕಿಗಳು ತೆರೆದುಕೊಳ್ಳುತ್ತಿವೆ! ಕಿಟಕಿಯಲ್ಲಿ ಕಂಡ ಕಸ್ತೂರಿಬಾಯಿಯನ್ನೇ ಕೂಗಿ ಕೇಳಿದರು: "ಅಕ್ಕಾ, ಅವು ಯಾರ ಮನಿ?"

"ಯಾರವೂ ಅಲ್ಲವ್ವಾ ತಂಗಿ, ಖಾಲಿ ಅವ. ಬಾ, ನೋಡೀಯಂತ."

"ನೀಲಕಂಠ ಸರ್ ಆಕಿ ಹಿಂದಿಂದ ಹೇಳಬ್ಯಾಡ ಅಂತ ಕೈಸನ್ನಿ ಮಾಡ್ಲಾಕತ್ತಿದ್ರು" ಎಂದು ಕಸ್ತೂರಿಬಾಯಿ ಸೆರಗಿನಲ್ಲಿ ನಗು ಮುಚ್ಚುತ್ತಾರೆ. "ನೋಡಿದ್ರೂ ನೋಡದಂಗ ಮಾಡ್ದೆ."

ಮಧ್ಯಾಹ್ನ ಬಿಲ್ಡರ್ ಸಾಯಬಣ್ಣನವರು ಕಸ್ತೂರಿಬಾಯಿಯನ್ನು ಕರೆಸಿದರು. ಈಕೆಯನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿಬಿಡಿ ಎಂದು ನೀಲಕಂಠ ಪಟ್ಟು ಹಿಡಿದಿದ್ದ. ಕಸ್ತೂರಿಬಾಯಿ ನೇರವಾಗಿಯೇ ಹೇಳಿದರು. "ಖಾಲಿ ಮನಿ ಕಿಟಕಿ ತೆಗಿ ಅಂತ ನೀವೇ ಹೇಳೀರಿ ಸಾಹೇಬ್ರ. ಯಾರಿಗೆ ಕಾಣಬಾರ್ದು ಅಂತ ಹೇಳಿದ್ದಿಲ್ಲ." ಆಮೇಲೆ ಗೋಡೆ ತೋರಿಸಿದರು. ಜಾತಿ, ಧರ್ಮ ನೋಡದೆ ಎಲ್ಲರಿಗೂ ಮನೆ ಕೊಡುತ್ತೇನೆಂದು ಕಟ್ಟಡಕ್ಕೆ ಸಾಲ ಕೊಟ್ಟವರಿಗೆ ಬಿಲ್ಡರ್ ಬರೆದುಕೊಟ್ಟ ಒಪ್ಪಿಗೆ ಪತ್ರ ಅಲ್ಲಿ ಗಾಜಿನ ಚೌಕಟ್ಟಿನೊಳಗಿತ್ತು. "ದಿನಾ ಒರಸ್ತೀನ್ರೀ. ಒರಸಾಗ ಓದ್ತೀನಿ."

ಸಾಯಬಣ್ಣನವರು ಕನ್ನಡಕ ಹಾಕಿಕೊಂಡು ಎದ್ದು ನಿಂತು ಓದಿದರು. ಸಹಿ ಮಾಡಿದ ಮೇಲೆ ಅದನ್ನು ಓದಿದ್ದು ಅಂದೇ ಇರಬೇಕು! ಅವತ್ತಿನಿಂದ ಕಾನೂನು ಬದಲು: ಮೊದಲು ಮನೆ ತೋರಿಸಬೇಕು, ಹೆಸರು ಕೇಳುವುದು ಫಾರಂ ತುಂಬುವಾಗ. ಬಂದವರ ಜೊತೆ ಮಹಡಿ ಮಹಡಿ ಸುತ್ತುವ ಕೆಲಸ ನೀಲಕಂಠನಿಗೇ ಬಿದ್ದಿದೆ. ಹೊಟ್ಟೆ ಕರಗಿದೆ ಎಂದು ಅವನೇ ಹೇಳುತ್ತಾನೆ.

ಮಾತಾಡುತ್ತ ಮುನ್ನೂರ ಎರಡನೇ ನಂಬರಿನ ಮನೆ ದಾಟುತ್ತೇವೆ. ಕಸ್ತೂರಿಬಾಯಿ ಅಲ್ಲಿ ನಿಲ್ಲುವುದಿಲ್ಲ. ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿದೆ. "ಇದರ ಕೀಲಿ ನನ್ನ ಹಂತ್ಯಾಕ ಇಲ್ರೀ. ಈ ಕಿಟಕಿ ಪಂಚಶೀಲಾನೇ ತೆಗೀತಾಳ" ಎನ್ನುವಾಗ ಅವರ ಮುಖ ನೋಡಬೇಕು.

ಉಳಿದ ಹನ್ನೊಂದೂ ಬೇಗ ತುಂಬಲಿ ಎಂಬುದು ಅವರ ಆಸೆ. ಆಗ ನಿಮ್ಮ ಕೆಲಸದ ಗತಿ ಏನು ಎಂದೆ.

"ಬ್ಯಾರೆ ಕಟ್ಟಡ ಏಳ್ತದ ಬಿಡ್ರೀ" ಎಂದು ನಕ್ಕು, ಕೀಲಿ ಗೊಂಚಲು ಸರಿಪಡಿಸಿಕೊಂಡರು. "ನಡುವ ನಾಕು ದಿನ ರಜಾ ಸಿಕ್ರ ಸಾಕು. ದಿನಾ ಕತ್ತಲದಾಗ ಮನಿ ಬಿಟ್ಟು ಕತ್ತಲದಾಗ ಮನಿ ಸೇರ್ತೀನಿ. ನನ್ನ ಮನಿ ಕಿಟಕಿನೂ ಒಮ್ಮೆ ಬೆಳಕಿನಾಗ ತೆಗೀಬೇಕಲ್ರೀ."