ನಮ್ಮ ತಾತ ಬೆಳೆಸಿದ ಗಡ್ಡ

ನಮ್ಮ ಮೇಷ್ಟ್ರ ಗಡ್ಡ ಹೊಕ್ಕುಳದವರೆಗೆ ಇಳಿದಿತ್ತು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿ ಬೀಳದಿರಲೆಂದು ಅದನ್ನು ಮಡಿಚಿ ಕೋಟಿನ ಎರಡನೇ ಗುಂಡಿಯ ಒಳಗೆ ತುರುಕಿಕೊಳ್ಳುತ್ತಿದ್ದರು. ಬಗ್ಗಿ ನಮ್ಮ ಸ್ಲೇಟು ತಿದ್ದುವಾಗ ಅದು ಜಾರಿ ಹೊರಬಂದು ಕೆನ್ನೆಗೆ ತಾಗುತ್ತಿತ್ತು, ಹರಳೆಣ್ಣೆಯ ವಾಸನೆ. ಉಳಿದಂತೆ ಅವರಷ್ಟು ಶಿಸ್ತಿನ ಮನುಷ್ಯರನ್ನು ನಾನು ಕಂಡಿಲ್ಲ. ಪಂಚೆ ತಾವೇ ಒಗೆದು, ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಉಗುರಿನಲ್ಲಿ ಮಣ್ಣಿದ್ದರೆ ಪಾಠಕ್ಕೆ ಕೂರಿಸುತ್ತಿರಲಿಲ್ಲ.

ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಯುದ್ಧದ ಕಾಲ, ನನಗೆ ಒಂಬತ್ತು ವರ್ಷ. ಮೇಷ್ಟ್ರ ಮನೆಯ ಜಗಲಿಯೇ ಮಿಷನ್ ಶಾಲೆ. ಸುತ್ತಮುತ್ತ ಬೇರೆ ಶಾಲೆಯಿರಲಿಲ್ಲ. ಪಟೇಲರಾಗಿದ್ದ ನನ್ನ ತಾತ ಸತ್ತ ಮೇಲೆ ಪಟೇಲಿಕೆ ನಮ್ಮಪ್ಪನಿಗೆ ಬಂತು. ಅಪ್ಪ ನನ್ನನ್ನು ಅಲ್ಲಿಗೆ ಕಳಿಸಿದರು, ಅಲ್ಲಿ ನೀರು ಮುಟ್ಟಬಾರದು ಎಂಬ ಷರತ್ತಿನ ಮೇಲೆ. ನಾನು ದಿನವೂ ಕುಡಿಯುತ್ತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ. "ಮೇಷ್ಟ್ರೇ, ಗಡ್ಡ ಯಾಕೆ ಬಿಟ್ಟಿದೀರ?"

"ನಾನೆಲ್ಲಿ ಬಿಟ್ಟೆ? ಇದು ನಿಮ್ಮ ತಾತ ಬೆಳೆಸಿದ್ದು ಕಣಮ್ಮ," ಎಂದವರು ಮಗ್ಗಿ ಮುಂದುವರಿಸಿದರು.

ಆ ಮಾತನ್ನು ಹಾಗೇ ತಂದು ಊಟದ ಹೊತ್ತಿನಲ್ಲಿ ಹೇಳಿದೆ. ಅಪ್ಪ ಅರ್ಧ ಮುದ್ದೆ ಬಿಟ್ಟು ಎದ್ದುಹೋದರು. ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದೊಯ್ದು ಎಲ್ಲ ಹೇಳಿದಳು. ಮೇಷ್ಟ್ರು ಬೇರೆ ಯಾರೂ ಅಲ್ಲ, ನಮ್ಮ ದಾಯಾದಿ. ಅವರ ಅಪ್ಪನೂ ನನ್ನ ತಾತನೂ ಅಣ್ಣತಮ್ಮಂದಿರ ಮಕ್ಕಳು. ನಾನು ಹುಟ್ಟುವ ಮೊದಲೇ ಅವರ ಅಪ್ಪ ಕೋಲಾರಕ್ಕೆ ಹೋಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ತಾತ ಅರಳಿಮರದ ಕೆಳಗೆ ಊರು ಸೇರಿಸಿ ಬಹಿಷ್ಕಾರ ಹಾಕಿದ. ಕ್ಷೌರಿಕ ಆ ಮನೆಯವರ ತಲೆ ಮುಟ್ಟಬಾರದು, ಮಡಿವಾಳ ಬಟ್ಟೆ ಎತ್ತಬಾರದು, ಊರ ಬಾವಿಗೆ ಅವರು ಬರಬಾರದು. ಆಮೇಲೆ ನಮ್ಮ ಮನೆಯವರೆಲ್ಲ, ಸತ್ತವರಿಗೆ ಮಾಡುವಂತೆ, ಅವರ ಹೆಸರಲ್ಲಿ ತಲೆಗೆ ನೀರು ಹಾಕಿಕೊಂಡರು. ಅವರು ತಮ್ಮ ಹೊಲದಲ್ಲಿ ತಾವೇ ಬಾವಿ ತೋಡಿಕೊಂಡರು. ತಮ್ಮ ಅಪ್ಪ ತೀರಿಕೊಂಡಾಗ ಮೇಷ್ಟ್ರು ಒಬ್ಬರೇ ಗುಂಡಿ ಅಗೆದರು. ಆ ಮುದುಕನ ಗಡ್ಡವೂ ಎದೆಯವರೆಗೆ ಇತ್ತಂತೆ.

ನನ್ನ ತಾತನ ಬಗ್ಗೆ ಹೀಗೆ ಬರೆದೆನೆಂದು ನೆಂಟರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮಾಡಿದ್ದು ಅವನು, ನಾನಲ್ಲ.

ತಿಂಗಳಿಗೊಮ್ಮೆ ಸಭೆಗೆಂದು ಕೋಲಾರಕ್ಕೆ ಹೋಗುತ್ತಿದ್ದ ಮೇಷ್ಟ್ರಿಗೆ ಅಲ್ಲಿ ಕ್ಷೌರದ ಅಂಗಡಿಗಳಿಗೇನೂ ಬರವಿರಲಿಲ್ಲ. ಪಾದ್ರಿಗಳೂ ಬುದ್ಧಿ ಹೇಳಿ ಸೋತಿದ್ದರಂತೆ. "ಕೋಲಾರದಲ್ಲಿ ಬೋಳಿಸ್ಕೊಂಡು ಬಂದ್ರೆ ಊರಿಗೆ ಎಲ್ಲಾ ಮರ್ತೋಗತ್ತೆ. ಮರಿಯಕ್ಕೆ ನಾನು ಬಿಡಲ್ಲ," ಎಂದು ನಮ್ಮೆದುರೇ ಒಮ್ಮೆ ಹೇಳಿದ್ದರು. ಅದನ್ನು ಹೇಳುವಾಗ ನಗುತ್ತಿದ್ದರು.

ಅಪ್ಪನಿಗೆ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತ್ತೆಂದು ಕಾಣುತ್ತದೆ. ವಾರದೊಳಗೆ ಊರ ಕ್ಷೌರಿಕನನ್ನು ಗುಟ್ಟಾಗಿ ಮೇಷ್ಟ್ರ ಹಿತ್ತಲಿಗೆ ಕಳಿಸಿದರು. ನಾವು ಲೆಕ್ಕ ಬಿಟ್ಟು ಇಣುಕಿದೆವು. ಮುದುಕ ಕತ್ತಿ, ಕನ್ನಡಿಗಳ ಹಡಪವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದ.

"ಪಟೇಲಪ್ಪ ಕಳಿಸಿದ್ರು ಸ್ವಾಮಿ. ಯಾರ್ಗೂ ಗೊತ್ತಾಗ್ದಂಗೆ ಮುಗಿಸ್ಬಿಡು ಅಂದ್ರು."

"ಇಷ್ಟು ವರ್ಷ ಎಲ್ಲರಿಗೂ ಗೊತ್ತಾಗಂಗೆ ಬೆಳೆದಿದೆಯಲ್ಲಪ್ಪ," ಎಂದರು ಮೇಷ್ಟ್ರು. "ನಾನು ಅವರ್ನ ಕ್ಷಮಿಸಿ ಬಾಳ ದಿನ ಆಯ್ತು ಅಂತ ಹೇಳು. ಅದು ನನ್ನ ದೇವರು ನನಗೆ ಹೇಳಿದ ಕೆಲಸ, ಮಾಡಿದೀನಿ. ಬಹಿಷ್ಕಾರ ತೆಗೆಯೋದು ಪಟೇಲರ ಕೆಲಸ. ಅದನ್ನ ಹಿತ್ತಲಲ್ಲಿ ಮಾಡಕ್ಕಾಗಲ್ಲ. ಅರಳಿಮರದ ಕೆಳಗೆ ಹೇಳಿದ್ದನ್ನ ಅಲ್ಲೇ ಹೇಳಿ ತೆಗೀಬೇಕು." ಮುದುಕನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅವನು ಅತ್ತಿತ್ತ ನೋಡಿ ಗಟಗಟ ಕುಡಿದ.

ಅಪ್ಪ ಕೆಂಡವಾದರು. ಮರುದಿನದಿಂದ ನನಗೆ ಶಾಲೆ ಬಂದ್. ನಾನು ಅತ್ತು ಕರೆದೆ, ಉಪವಾಸ ಕೂತೆ, ಏನೂ ನಡೆಯಲಿಲ್ಲ. ಎಂಟು ದಿನವಾದ ಮೇಲೆ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆಯೆದುರು ಬಂದು ನಿಂತರು. ತಾತನ ಕಾಲದಿಂದ ಆ ಬೀದಿಗೆ ಅವರು ಕಾಲಿಟ್ಟಿರಲಿಲ್ಲ. ಜಗಲಿ ಹತ್ತಲಿಲ್ಲ, ಕೈ ಮುಗಿಯಲೂ ಇಲ್ಲ.

"ಹುಡುಗಿ ಭಾಗಾಕಾರದ ಅರ್ಧಕ್ಕೆ ನಿಂತಿದಾಳೆ. ನಮ್ಮಿಬ್ಬರ ಜಗಳ ನಮ್ಮಲ್ಲಿರಲಿ. ಅವಳನ್ನ ಕಳಿಸು," ಎಂದರು. ಪಟೇಲರಾದ ಅಪ್ಪನನ್ನು ಊರಲ್ಲಿ ಯಾರೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ಅಪ್ಪ ಬಾಯಿ ತೆರೆಯುವ ಮೊದಲೇ ಒಳಗಿಂದ ಅಜ್ಜಿ ಬಂದಳು. "ಆವತ್ತು ನಾನೂ ತಲೆಗೆ ನೀರು ಹಾಕ್ಕೊಂಡೆ ನಾಯನಾ. ಬದುಕಿರೋರ ಹೆಸರಲ್ಲಿ. ಇನ್ನಾದ್ರೂ ಸಾಕು ಮಾಡು," ಎಂದು ಅಪ್ಪನಿಗೆ ಹೇಳಿದಳು. ನಾನು ಸ್ಲೇಟು ಎತ್ತಿಕೊಂಡು ಮೇಷ್ಟ್ರ ಹಿಂದೆ ಹೊರಟೆ, ಯಾರೂ ತಡೆಯಲಿಲ್ಲ.

ಮುಂದಿನ ಭಾನುವಾರ ಅಪ್ಪ ಊರನ್ನು ಅರಳಿಮರದ ಕೆಳಗೆ ಸೇರಿಸಿದರು. "ನಮ್ಮಪ್ಪ ಇಲ್ಲೇ ನಿಂತು ಹೇಳಿದ್ದು ತಪ್ಪು. ಇವತ್ತಿಂದ ಆ ಮಾತು ಇಲ್ಲ," ಎಂದರು. ಇಷ್ಟು ಹೇಳುವುದರೊಳಗೆ ಅವರ ಅಂಗಿ ಬೆವರಿನಲ್ಲಿ ನೆಂದಿತ್ತು. ಇಬ್ಬರು ಗೊಣಗುತ್ತ ಎದ್ದುಹೋದರು. ಮೇಷ್ಟ್ರು ಆರಾಧನೆ ಮುಗಿಸಿ ಇಸ್ತ್ರಿ ಮಾಡಿದ ಪಂಚೆಯಲ್ಲೇ ಬಂದು ಕಟ್ಟೆಯ ಮೇಲೆ ಕೂತು ಕತ್ತೆತ್ತಿದರು. ಮುದುಕ ಮೊದಲು ಕತ್ತರಿ ಆಡಿಸಿದ, ಆಮೇಲೆ ಕತ್ತಿ.

ಗಡ್ಡ ಹೋದ ಮೇಲೆ ಅಲ್ಲಿ ಕೂತಿದ್ದವನು ನನ್ನ ತಾತ. ಅದೇ ಮುಂದಕ್ಕೆ ಚಾಚಿದ ಗದ್ದ, ಅದೇ ಒತ್ತಿ ಹಿಡಿದ ತುಟಿ. ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿ, ಗಂಡ ಎದುರಿಗೆ ಬಂದಾಗ ಮಾಡುತ್ತಿದ್ದಂತೆ, ತಟ್ಟನೆ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಮೇಷ್ಟ್ರು ಗದ್ದ ಸವರಿಕೊಳ್ಳುತ್ತ ಅಪ್ಪನ ಕಡೆ ತಿರುಗಿದರು. "ನಂದಾಯ್ತು. ಈಗ ನಮ್ಮಪ್ಪನ ಹತ್ರ ಬಂದು ಇದೇ ಮಾತು ಹೇಳು." ಅಪ್ಪ ಹೊಲದಂಚಿನ ಸಮಾಧಿಯವರೆಗೆ ಅವರ ಹಿಂದೆಯೇ ನಡೆದುಹೋದರು. ಅಲ್ಲಿ ಏನು ಹೇಳಿದರೋ ಇಬ್ಬರೂ ಯಾರಿಗೂ ತಿಳಿಸಲಿಲ್ಲ.

ನಾನು ಕೋಲಾರದ ಹೈಸ್ಕೂಲಿನಲ್ಲಿ ಓದುತ್ತಿದ್ದ ವರ್ಷ ಮೇಷ್ಟ್ರು ತೀರಿಕೊಂಡರು. ಹುಡುಗಿಯರನ್ನು ಅಷ್ಟು ದೂರ ಕಳಿಸದ ನಮ್ಮ ಮನೆಯಿಂದ ನನ್ನನ್ನು ಹೊರಡಿಸಿದ್ದು ಅವರ ಹಟವೇ. ಇವತ್ತು ನಾಲ್ಕಕ್ಷರ ಬರೆಯುತ್ತಿದ್ದೇನೆಂದರೆ ಆ ಹಟದ ಋಣ. ಸುದ್ದಿ ಸಿಕ್ಕಿ ಊರಿಗೆ ಬಂದಾಗ ಮನೆಯಲ್ಲಿ ಸೂತಕ, ಸಾರಿಗೆ ಒಗ್ಗರಣೆಯಿಲ್ಲ. ಹತ್ತನೆಯ ದಿನ ಅಪ್ಪ ಅರಳಿಮರದ ಕೆಳಗೆ ಹೋಗಿ ಕ್ಷೌರಿಕನ ಮುಂದೆ ಕೂತರು. ಮುದುಕ ಕತ್ತಿ ಹಿಡಿದು ಅನುಮಾನಿಸಿದ. ಹಿರಿಯರೊಬ್ಬರು, "ಪಟೇಲ್ರೇ, ಅವರು ಕ್ರಿಸ್ತರವರಲ್ವಾ, ನಿಮಗೇನು ಸೂತಕ?" ಎಂದರು.

ಅಪ್ಪ ಅವರ ಕಡೆ ತಿರುಗಲಿಲ್ಲ. "ಸತ್ತಿರೋದು ನಮ್ಮಣ್ಣ," ಎಂದು ಮುದುಕನಿಗೆ ಹೇಳಿದರು. "ಮೀಸೆನೂ ತೆಗಿ."