ಹಾಳೂರಿನಲ್ಲಿ ಓಗೊಟ್ಟ ದನಿ

ನಗುವವರು ಈಗಲೇ ನಕ್ಕುಬಿಡಿ. ಊರವರ ದನಿಯನ್ನೆಲ್ಲ ಅಣಕಿಸಿ ಪುಕ್ಕಟೆ ಚಹಾ ಗಿಟ್ಟಿಸುವವನು ನಾನು. ನನ್ನ ಮಾತನ್ನು ನಮ್ಮವ್ವನೇ ನಂಬುವುದಿಲ್ಲ. ಆದರೂ ಇದು ಖರೇ ನಡೆದದ್ದು.

ವಡಗಾವಿಯಿಂದ ಕಣಕುಂಬಿ ಕಡೆಯ ಅತ್ತೆಯ ಊರಿಗೆ ಹೋಗಿದ್ದೆ. ಅತ್ತೆಯ ಮಗಳು ರೇಣುಕಾಳನ್ನು ನನಗೆ ಕೊಡುವ ಮಾತು ನಡೆದಿತ್ತು. ಅವಳೋ, ಪಕ್ಕದ ಮನೆಯ ಸಂತೋಷನ ಒಣ ಜೋಕಿಗೂ ಹೊಟ್ಟೆ ಹಿಡಿದು ನಗುತ್ತಿದ್ದಳು. ಒಡಕು ಡಬ್ಬಿಯಂಥ ಕಂಠ ಅವನದು! ನನಗೆ ಮೈಯೆಲ್ಲ ಉರಿ...

ಆ ಸಂಜೆ ಅತ್ತೆಯ ಎಮ್ಮೆ ಮನೆಗೆ ಬರಲಿಲ್ಲ. ಮೂವರೂ ಹುಡುಕುತ್ತ ಹಾಳೂರಿಗೆ ಹೋದೆವು. ನೂರಾರು ವರ್ಷಗಳ ಹಿಂದೆ ಜನ ಬಿಟ್ಟುಹೋದ ಊರದು. ಗಿಡಗಂಟಿಯೊಳಗೆ ಮನೆಗಳ ಪಾಳುಗೋಡೆ, ಬಂಡೆಯಲ್ಲಿ ಕೊರೆದ ಒರಳು, ವಾಲಿದ ವೀರಗಲ್ಲು.

"ಇಲ್ಲಿ ಯಾರನ್ನೂ ಹೆಸರು ಹಿಡದು ಕರೀಬಾರದು ಮಾಮಾ," ಎಂದಳು ರೇಣುಕಾ. "ದನಾ ಕಾಯೋರು ಸೀಟಿ ಹೊಡೀತಾರ, ಅಷ್ಟ."

"ಕರದ್ರ ಕಲ್ಲು 'ಓ' ಅಂತಾವೇನು?"

"ನಿನ್ನ ಚ್ಯಾಷ್ಟಿ ಸಾಕು, ಸುಮ್ಮ ನಡಿಯೋ," ಎಂದ ಸಂತೋಷ. ಅವಳು ನಕ್ಕಳು. ಅದಕ್ಕೂ!

ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದೆವು. ಕತ್ತಲಾಯಿತು. ಸಂತೋಷನ ಬೆವರಿಳಿಸೋಣವೆಂದು ವೀರಗಲ್ಲಿನ ಹಿಂದೆ ಕುಳಿತು ರೇಣುಕಾಳ ದನಿ ತೆಗೆದೆ.

"ಸಂತೋಷಾ... ಬಾರೋ..."

ಜೀರುಂಡೆಗಳು ತಟ್ಟನೆ ಸುಮ್ಮನಾದವು. ಎಲ್ಲಿಂದಲೋ ಒಲೆಯ ಹೊಗೆ... ಉಕ್ಕಿ ಸೀದ ಹಾಲಿನ ವಾಸನೆ. ಪಾಳುಗೋಡೆಯ ಆಚೆಯಿಂದ ಉತ್ತರ ಬಂತು.

"ಬಂದ್ನಿ, ರೇಣೂ..."

ಸಂತೋಷನ ದನಿಯಲ್ಲ. ನನ್ನದೇ. ಕುಚೋದ್ಯದ ಸೋಂಕಿಲ್ಲದ, ಮೆತ್ತಗಿನ ದನಿ. ಅಷ್ಟು ಚೆಂದ ನಾನೆಂದೂ ಮಾತಾಡಿರಲಿಲ್ಲ.

ಚಪ್ಪಲಿ ಬಿಟ್ಟು ಓಡಿದೆ. ದೂರದ ದಾರಿಯಲ್ಲಿ ಅವರಿಬ್ಬರೂ ಎಮ್ಮೆ ಹಿಡಿದು ನಿಂತಿದ್ದರು.

"ಆವಾಗಿಂದ ಸೀಟಿ ಹೊಡಿಯಾಕತ್ತೀವಿ, ಎಲ್ಲಿ ಸತ್ತಿದ್ದೀ?" ಎಂದ ಸಂತೋಷ. ನಾನು ಎಮ್ಮೆಯ ಹಗ್ಗ ಕಸಿದುಕೊಂಡು ಮುಂದೆ ನಡೆದೆ.

ವಡಗಾವಿಗೆ ಮರಳಿ ನಾಲ್ಕು ದಿನವಾಗಿತ್ತು. ಮಗ್ಗದ ಮುಂದೆ ಕುಳಿತಿದ್ದಾಗ ರೇಣುಕಾಳ ಫೋನ್ ಬಂತು.

"ನಿನ್ನಿ ಸಂಜಿಮುಂದ ಹಿತ್ತಲದಾಗ ನಿಂತು ಎಷ್ಟು ಚಂದ ಮಾತಾಡಿದಿ ಮಾಮಾ! ಒಳಗ್ಯಾಕ ಬರಲಿಲ್ಲ? ಮದವಿಗೆ ಹೂಂ ಅಂತ ಅವ್ವಗ ಹೇಳೇನಿ."

ಹೂಂ ಅಂದದ್ದು ಯಾರಿಗೆ? ಸಂತೋಷನ ಮೇಲಿನ ಹೊಟ್ಟೆಕಿಚ್ಚು ಆರಿತು. ಈಗ ಬೇರೊಂದು ಉರಿಯುತ್ತಿದೆ. ದಿನಾ ಕತ್ತಲಾಗುವ ಮೊದಲೇ ಅವಳಿಗೆ ಫೋನ್ ಹಚ್ಚುತ್ತೇನೆ. ನಿನ್ನೆ ಸ್ವಲ್ಪ ತಡವಾಯಿತು.

"ಬಾಗಲದಾಗ ನಿಂತು ಫೋನ್ ಯಾಕ ಹಚ್ಚೀದಿ, ಮಾಮಾ?" ಎಂದಳು.

ಆಮೇಲೆ ಹೊಟ್ಟೆ ಹಿಡಿದು ನಕ್ಕಳು... ನಾನಿನ್ನೂ ಒಂದು ಮಾತೂ ಆಡಿರಲಿಲ್ಲ.